ಬೋರಲು ಬೋಗುಣಿ

ಅಂಕಲಿಯ ನಮ್ಮ ಮನೆಯಲ್ಲಿ ಉಣ್ಣುವ ಬಾಯಿಗಳ ಜೊತೆಗೆ ಒಂದು ಗೋಡೆಯೂ ಉಣ್ಣುತ್ತಿತ್ತು. ಚಿಕ್ಕವನಾಗಿದ್ದಾಗ ನಾನು ಇದನ್ನು ನಂಬಿದ್ದೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುತ್ತಿರಲಿಲ್ಲ. ಅಡಿಗೆಮನೆಯ ಹಿಂದಿನ ಗೋಡೆ ಅದು. ಕಲ್ಲು ಮಣ್ಣಿನದು, ನನ್ನ ತೋಳನ್ನು ಹೆಗಲಿನ ತನಕ ತೂರಿಸಿದರೂ ಆಚೆ ಮುಟ್ಟದಷ್ಟು ದಪ್ಪ. ಒಲೆಯ ಬಲಗಡೆ, ಉಪ್ಪಿನ ಗಡಿಗೆಯ ಮೇಲ್ಗಡೆ, ಆ ಗೋಡೆಯಲ್ಲಿ ಒಳಗಿನಿಂದ ಹೊರಗಿನ ತನಕ ಆರಪಾರ ಒಂದು ಕಿಂಡಿ ಇತ್ತು. ಒಳಗೊಂದು ಕಟ್ಟಿಗೆಯ ಮುಚ್ಚಳ, ಹೊರಗೊಂದು ಮುಚ್ಚಳ. ಹೊರಗಿನದು ತೆರೆದರೆ ಯಾರ ಮನೆಯ ಬಾಗಿಲೂ ಇಲ್ಲದ ಇಕ್ಕಟ್ಟಾದ ಸಂದಿ, ಸಂದಿಯ ತುದಿಗೆ ದನಗಳು ನೀರು ಕುಡಿಯುವ ಕಲ್ಲಿನ ದೋಣಿ. ದೀಪ ಹಚ್ಚುವ ಹೊತ್ತಿಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಹಿತ್ತಾಳೆ ಬೋಗುಣಿಯಲ್ಲಿ ರೊಟ್ಟಿ ಇಟ್ಟು, ಅದರ ಮೇಲೆ ಝುಣಕವೋ ಪುಂಡಿ ಪಲ್ಯವೋ ಹಾಕಿ, ಒಂದು ಉಳ್ಳಾಗಡ್ಡಿ ಇಟ್ಟು, ಆ ಕಿಂಡಿಯೊಳಗೆ ಸರಿಸಿ ಒಳಗಿನ ಮುಚ್ಚಳ ಹಾಕುತ್ತಿದ್ದಳು. ಅಲ್ಲಿಂದ ಮನೆಯಲ್ಲಿ ಯಾರೂ ಮಾತಾಡಬಾರದು. ಅಪ್ಪ ಮತ್ತು ಕಾಕಾ ಕಬ್ಬಿನ ನೀರಿನ ಪಾಳಿಯ ಸಲುವಾಗಿ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರೂ ಆ ಹೊತ್ತಿಗೆ ಬಾಯಿ ಮುಚ್ಚುತ್ತಿದ್ದರು. ಕೊಟ್ಟಿಗೆಯ ಎಮ್ಮೆಯೂ ಮೆಲುಕು ನಿಲ್ಲಿಸುತ್ತಿತ್ತು ಎಂದು ನನಗೆ ನೆನಪು. ಆದರೆ ಅದು ನನ್ನ ಕಿವಿಯ ಭ್ರಮೆ ಇದ್ದೀತು.

ಆ ಮೌನದಲ್ಲಿ ಗೋಡೆಯೊಳಗಿನಿಂದ ಸಪ್ಪಳ ಬರುತ್ತಿತ್ತು. ಮೊದಲು ಹೊರಗಿನ ಮುಚ್ಚಳ ಕಿರ್ ಎನ್ನುವುದು. ಆಮೇಲೆ ಬೋಗುಣಿ ಕಲ್ಲಿನ ಮೇಲೆ ಸರಿಯುವುದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಾನು ಅವ್ವನ ಸೆರಗು ಹಿಡಿದು ಕೂಡುತ್ತಿದ್ದೆ. ಕೊನೆಗೆ ಹಿತ್ತಾಳೆ ಕಲ್ಲಿಗೆ ತಾಗಿ ಟಣ್ ಎನ್ನುವುದು, ಮುಚ್ಚಳ ಬೀಳುವುದು. ಆಯಿ ಎದ್ದು ಒಳಗಿನ ಮುಚ್ಚಳ ತೆಗೆದರೆ ಬೋಗುಣಿ ತೊಳೆದು ಬೋರಲು ಹಾಕಿರುತ್ತಿತ್ತು. ಅದು ಬೋರಲಾದ ಮೇಲೆಯೇ ಆಯಿ ತನ್ನ ತಾಟಿಗೆ ಕೈ ಹಚ್ಚುತ್ತಿದ್ದಳು. ಅಲ್ಲಿಯ ತನಕ ಅವಳ ಬಾಯಿಗೆ ನೀರು ಸಹ ಹೋಗುತ್ತಿರಲಿಲ್ಲ.

"ಯಾರ ತಿಂತಾರ ಆಯಿ?" ಎಂದು ನಾನು ಕೇಳಿದ್ದೆ.

"ಗ್ವಾಡಿ ತಿಂತೈತಿ."

"ಗ್ವಾಡಿಗೆ ಹೊಟ್ಟಿ ಐತೇನು?"

"ಹೊಟ್ಟಿ ಇರಲಾರದ್ದು ಏನೈತಿ ಹೇಳು ನೋಡೂನು, ಬಾಳ್ಯಾ."

ಕಿಂಡಿಗೆ ಮೂರು ಕಟ್ಟಳೆ ಇದ್ದವು. ಒಳಗಿನವರು ಹೊರಗೆ ಇಣುಕಬಾರದು. ಹೊರಗಿನವರು ಒಳಗೆ ಇಣುಕಬಾರದು. ಇನ್ನು ಮೂರನೆಯದು: ನನಗೆ ಸಾಕು, ನನ್ನ ಪಾಳಿ ಮುಗಿಯಿತು, ಬೇರೆಯವರಿಗೆ ಕೊಡಿ ಎನ್ನುವವರು ಬೋರಲು ಬೋಗುಣಿಯ ಕೆಳಗೆ ಒಂದು ಬೇವಿನ ಎಸಳು ಇಟ್ಟು ಹೋಗಬೇಕು. ಎಸಳು ಸಿಕ್ಕ ದಿನ ಆಯಿ ಅದನ್ನು ಕಣ್ಣಿಗೆ ಒತ್ತಿಕೊಂಡು, "ಒಬ್ಬರ ಹೊಟ್ಟಿ ತುಂಬಿತು" ಎನ್ನುತ್ತಿದ್ದಳು. ಮರುದಿನದಿಂದ ಮತ್ಯಾರೋ ಬರುತ್ತಿದ್ದರು. ಅವರಿಗೆ ಸುದ್ದಿ ಹೇಗೆ ಮುಟ್ಟುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಪರ ಊರಿನಿಂದ ಬಂದು ಗುಡಿಯಲ್ಲಿ ಮಲಗಿ ಸಾಲೆ ಕಲಿಯುವ ಹುಡುಗರು, ಗಂಡ ಬಿಟ್ಟ ಹೆಂಗಸರು, ಬಾಣಂತಿಯರು, ಹೀಗೆ ಯಾರು ಯಾರೋ ಆ ಕಿಂಡಿಯಿಂದ ಉಂಡಿದ್ದರು ಎಂದು ನಾನು ದೊಡ್ಡವನಾದ ಮೇಲೆ ಊಹಿಸಿದೆ. ಅವ್ವನಿಗೆ ಈ ವ್ಯವಹಾರ ಸೇರುತ್ತಿರಲಿಲ್ಲ. ಕೊಡುವುದಕ್ಕೆ ಅವಳು ಹಿಂದೆ ಸರಿಯುವವಳಲ್ಲ. ಕತ್ತಲಲ್ಲಿ ಕೊಡುವುದೇ ಅವಳಿಗೆ ಆಗುತ್ತಿರಲಿಲ್ಲ.

"ಕರದು ಪಡಸಾಲ್ಯಾಗ ಕುಂದ್ರಿಸಿ ಉಣಿಸೂನ್ರಿ ಅತ್ತಿ. ಮನಿಗೆ ಹೆಸರಾದ್ರೂ ಬರತೈತಿ. ಇದೇನು ಕಳ್ಳರಿಗೆ ಇಟ್ಟಂಗ."

"ಹೆಸರು ಬರತೈತಿ ಖರೆ," ಎಂದಳು ಆಯಿ. "ಉಣ್ಣಾವ್ರು ಬರೂದಿಲ್ಲ."

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಸುಗ್ಗಿ ಮುಗಿದ ಮೇಲೆ, ಪ್ರತಿ ವರ್ಷದಂತೆ ನಮ್ಮ ಹೊಲದಲ್ಲಿ ಕುರಿ ತರುಬಿದರು. ಕುರಿ ಮಲಗಿದ ನೆಲಕ್ಕೆ ಗೊಬ್ಬರ ಬೇರೆ ಬೇಡ. ಆದ್ದರಿಂದ ಕುರುಬರಿಗೆ ಕಾಳು ಕೊಟ್ಟು ಹಿಂಡನ್ನು ಹೊಲದಲ್ಲಿ ಮಲಗಿಸುವುದು ನಮ್ಮ ಕಡೆಯ ರೂಢಿ. ಆ ಹಿಂಡು ಬೀರಪ್ಪನದು. ಬೀರಪ್ಪ ನಮ್ಮೂರವನೇ, ಆದರೆ ವರ್ಷದ ಬಹುಭಾಗ ಹಿಂಡಿನ ಬೆನ್ನು ಹತ್ತಿ ಹೆಂಡತಿಯೊಂದಿಗೆ ಊರೂರು ತಿರುಗುವವನು. ಅವನ ಮಗಳು ಲಗಮವ್ವ ನನ್ನ ವರ್ಗದಲ್ಲೇ ಇದ್ದಳು. ಏಳನೆಯ ಪರೀಕ್ಷೆ ಆಗುವ ತನಕ ಅವಳು ಹಿಂಡಿನ ಸಂಗಡ ಹೋಗುವುದು ಬೇಡ ಎಂದು ಅವಳನ್ನು ಕಣ್ಣು ಕಾಣದ ಮುದಿ ಅತ್ತೆಯ ಹತ್ತಿರ ಬಿಟ್ಟಿದ್ದರು. ಅವರ ಕುಲದಲ್ಲಿ ಏಳನೆಯ ತನಕ ಬಂದ ಹುಡುಗಿ ಅವಳೊಬ್ಬಳೇ ಎಂದು ಗುರುಗಳು ಹೇಳುತ್ತಿದ್ದರು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಅದನ್ನು ನಾನು ಆಗ ಒಪ್ಪುತ್ತಿರಲಿಲ್ಲ.

ಹೊಲದಲ್ಲಿ ಬೀರಪ್ಪ ಒಂದು ಕರಟದಲ್ಲಿ ಎಣ್ಣೆ ಹಾಕಿ ಕಲಸಿದ ನೀಲಿ ಬಣ್ಣ ಇಟ್ಟುಕೊಂಡು, ಒಂದೊಂದೇ ಕುರಿಯನ್ನು ಕಾಲಸಂದಿಯಲ್ಲಿ ಹಿಡಿದು ಬೆನ್ನಿಗೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ.

"ಇದನ್ನ ಯಾಕ ಹಚ್ಚತಿ ಮಾಮಾ?"

"ಗುರುತಿಗೆ, ತಮ್ಮಾ. ಬಣ್ಣ ಇತ್ತಂದ್ರ ಯಾವ ಹಿಂಡಿನ್ಯಾಗ ಹೊಕ್ರೂ ತಿರುಗಿ ಮಾಲಕನ ಕಡೆ ಬರತೈತಿ."

"ತೊಳದ್ರ ಹೋಗೂದಿಲ್ಲೇನು?"

"ಮಳಿಗೇ ಹೋಗಾಂಗಿಲ್ಲ. ನಿನ್ನ ತೊಳ್ಯೂದಕ್ಕ ಎಲ್ಲಿ ಹೋಗತೈತಿ?" ಎಂದು ನಕ್ಕು, ಆಟಕ್ಕೆಂದು ಎಕ್ಕೆ ಎಲೆಯಲ್ಲಿ ಒಂದಿಷ್ಟು ಬಣ್ಣ ಹಾಕಿಕೊಟ್ಟ.

ಮರುದಿನ ಹಿಂಡು ಮುಂದಿನ ಊರಿಗೆ ಹೋಯಿತು. ಬಣ್ಣ ನನ್ನ ಹತ್ತಿರ ಉಳಿಯಿತು. ನಾನು ಮಾಡಿದ್ದನ್ನು ಕೆಟ್ಟತನದಿಂದ ಮಾಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಶುರು ಅಂಜಿಕೆಯಿಂದ ಆದದ್ದು ನಿಜ. ಗೋಡೆಯಲ್ಲಿರುವುದು ದೆವ್ವವಾದರೆ ಬಣ್ಣ ಹತ್ತುವುದಿಲ್ಲ, ಮನುಷ್ಯರಾದರೆ ಹತ್ತುತ್ತದೆ, ತಿಳಿದುಬಿಡೋಣ ಎಂದು ನಾನು ಬೋಗುಣಿಯ ತಳದ ಅಂಚಿನ ಒಳಗಡೆ, ಹಿಡಿದೆತ್ತುವಾಗ ಬೆರಳು ತಾಗುವಲ್ಲಿ, ನೀಲಿಯನ್ನು ಒತ್ತಿ ಒತ್ತಿ ತುಂಬಿದೆ. ಆ ಸಂಜೆ ಸಪ್ಪಳಗಳೆಲ್ಲ ಎಂದಿನಂತೆಯೇ ಬಂದವು. ಟಣ್ ಎನ್ನುವ ಮುಂಚಿನ ಮೌನ ಮಾತ್ರ ಸ್ವಲ್ಪ ಉದ್ದವಾದಂತೆ ಅನಿಸಿತು.

ಮರುದಿನ ಸಾಲೆಯಲ್ಲಿ ಲಗಮವ್ವ ಬಲಗೈಯನ್ನು ಪರಕಾರ ಲಂಗದ ನಿರಿಗೆಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಗುರುಗಳು ಲೆಕ್ಕ ಬಿಡಿಸಲು ಅವಳನ್ನೇ ಕರೆದರು. ಎದ್ದು ಹೋಗಿ ಕರಿಹಲಗೆಯ ಮೇಲೆ ಬರೆಯುವ ಖಡು ಹಿಡಿದಳು. ಬಿಳಿಯ ಖಡುವಿನ ಮೇಲೆ ಅವಳ ಬೆರಳ ತುದಿಗಳು ನೀಲಿ. ಮೊದಲು ನನಗೆ ಹಗುರವಾಯಿತು. ದೆವ್ವ ಅಲ್ಲ ಎಂದು ಎದೆಯ ಭಾರ ಇಳಿಯಿತು. ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಬಾಯಿ ತಡೆಯಲಿಲ್ಲ.

"ಏ ನೋಡ್ರಲೇ, ಅಕಿ ಕೈಗೆ ನಮ್ಮ ಮನಿ ಬಣ್ಣ ಐತಿ," ಎಂದೆ. "ದಿನಾ ನಮ್ಮ ಗ್ವಾಡಿಗೆ ಬಂದು ಮೇಯತೈತಿ. ಇದು ನಮ್ಮ ಕುರಿ."

ಹಿಂದಿನ ಸಾಲಿನವನೊಬ್ಬ ಬ್ಯಾ ಎಂದ. ಆಮೇಲೆ ಎಲ್ಲರೂ. ಗುರುಗಳಿಗೆ ಏನು ಎಂದು ತಿಳಿಯುವುದರೊಳಗೆ ವರ್ಗ ತುಂಬ ಕುರಿಯ ದನಿ. ಲಗಮವ್ವ ತಿರುಗಿ ನೋಡಲಿಲ್ಲ. ಲೆಕ್ಕವನ್ನು ಕೊನೆಯ ತನಕ ಬಿಡಿಸಿದಳು. ಉತ್ತರದ ಕೆಳಗೆ ಗೆರೆ ಎಳೆದು, ಖಡುವನ್ನು ಸದ್ದಾಗದಂತೆ ಇಟ್ಟು ಬಂದು ಕೂತಳು. ಉತ್ತರ ಸರಿ ಇತ್ತು. ಮಧ್ಯಾಹ್ನದ ಬಿಡುವು ಮುಗಿದ ಮೇಲೆ ಅವಳ ಜಾಗ ಬರಿದಾಗಿತ್ತು. ಮರುದಿನವೂ ಬರಿದಾಗಿತ್ತು.

ನಾನು ಕುರಿ ಎಂದ ದಿನವೇ ಸಂಜೆ ಆಯಿ ಬೋಗುಣಿ ಇಟ್ಟಳು, ಮುಚ್ಚಳ ಹಾಕಿದಳು, ನಾವೆಲ್ಲ ಮೌನವಾದೆವು. ಹೊರಗಿನ ಮುಚ್ಚಳ ಕಿರ್ ಎನ್ನಲಿಲ್ಲ. ಒಲೆಯ ಕೆಂಡ ಬೂದಿಯಾಯಿತು. ಅಪ್ಪ ಒಮ್ಮೆ ಕೆಮ್ಮಿ ಆಯಿಯ ಮುಖ ನೋಡಿ ಸುಮ್ಮನಾದ. ಕೊನೆಗೆ ನಾವು ಉಂಡೆವು, ಆಯಿ ಉಣ್ಣಲಿಲ್ಲ.

"ಬೇವಿನ ಎಸಳ ಇಟ್ಟಿಲ್ಲ," ಎಂದಳು. "ಎಸಳ ಇಡಲಾರದ ಹೋಗಾವ್ರಲ್ಲ. ಬರತಾರ."

ಮರುದಿನವೂ ಬರಲಿಲ್ಲ. ಆಯಿ ಹಗಲು ಅಂಬಲಿ ಕುಡಿದಳು, ರಾತ್ರಿ ಉಣ್ಣಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಒಳಗಿನಿಂದ ಯಾರಾದರೂ ಕರೆದಾರೇನೋ ಎಂಬಂತೆ ತಲೆ ಓರೆ ಮಾಡಿ ಕೂತಿರುತ್ತಿದ್ದಳು. ನಿಜ ಹೇಳಿದ್ದರೆ ಒಂದು ಪೆಟ್ಟಿನಲ್ಲಿ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಅದರ ಮರುದಿನ ದೀಪ ಹಚ್ಚುವ ಹೊತ್ತಿಗೆ ಆಟಕ್ಕೆ ಹೋಗುತ್ತೇನೆಂದು ಹೊರಬಿದ್ದು, ಹಿತ್ತಲು ಸುತ್ತಿ ಸಂದಿಗೆ ಹೋದೆ. ಹೊರಗಿನ ಮುಚ್ಚಳ ಎತ್ತಿದೆ. ಅದೇ ಕಿರ್. ಅದು ನನ್ನ ಕೈಯಿಂದ ಬಂತು.

ಆ ಸಂದಿಯಲ್ಲಿ ನಿಂತದ್ದನ್ನು ಹೇಗೆ ಹೇಳಲಿ? ಒಳಗೆ ನನ್ನದೇ ಮನೆ. ನಾನು ಹುಟ್ಟಿದ ಕೋಣೆ ಆ ಗೋಡೆಯ ಆಚೆ. ಆದರೆ ಮುಚ್ಚಳ ಕಿರ್ ಎಂದ ಕೂಡಲೇ ಒಳಗಿನ ಮಾತುಗಳು ಒಂದೊಂದಾಗಿ ಆರಿದವು. ಅಪ್ಪನದು, ಕಾಕಾನದು, ಕೊನೆಗೆ ಅವ್ವನ ಬಳೆಯ ಸಪ್ಪಳ. ಅವರೆಲ್ಲ ನನ್ನ ಸಲುವಾಗಿ ಉಸಿರು ಹಿಡಿದು ಕೂತಿದ್ದರು, ಮತ್ತು ಆ ನಾನು ಅವರಿಗೆ ಯಾರೂ ಆಗಿರಲಿಲ್ಲ. ಹೊರಗಿನಿಂದ ಆ ಮನೆ ನನಗೆ ಗುರುತು ಸಿಗಲಿಲ್ಲ. ಸತ್ತವರು ತಮ್ಮ ಮನೆಗೆ ಬಂದು ಹೊರಗೆ ನಿಂತರೆ ಹೀಗೇ ಇರುತ್ತದೆ ಎಂದು ಅನಿಸಿತು. ರೊಟ್ಟಿಯನ್ನು ಗಬಗಬನೆ ನುಂಗಿ, ದೋಣಿಯ ನೀರಲ್ಲಿ ಬೋಗುಣಿ ತೊಳೆದು, ಬೋರಲು ಹಾಕಿದೆ. ಟಣ್ ಎಂದಿತು. ಒಳಗೆ ಆಯಿ, "ಬಂದ್ರು ನೋಡು," ಎಂದದ್ದು ಕೇಳಿಸಿತು. ಅಂದು ಆಯಿ ಉಂಡಳು. ನಾನೂ ಎರಡನೆಯ ಸಲ ಕೂತು ಉಂಡೆ.

ಒಂದು ಬೇವಿನ ಎಸಳು ಇಟ್ಟಿದ್ದರೆ ನನ್ನ ಸುಳ್ಳು ಅಲ್ಲಿಗೆ ನಿಲ್ಲುತ್ತಿತ್ತು. ಆಯಿಗೆ ಸಮಾಧಾನ ಆಗುತ್ತಿತ್ತು, ಮುಂದಿನ ಹಸಿದವರು ಬರುತ್ತಿದ್ದರು. ಬೇವಿನ ಮರ ದೋಣಿಯ ಪಕ್ಕದಲ್ಲೇ ಇತ್ತು, ಕೈಗೆ ಎಟುಕುತ್ತಿತ್ತು. ನಾನು ಇಡಲಿಲ್ಲ. ಏಕೆ ಇಡಲಿಲ್ಲ ಎಂಬುದನ್ನೇ ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಕಿಂಡಿಯ ಊಟ ನಮ್ಮ ತಾಟಿನ ಊಟಕ್ಕಿಂತ ರುಚಿ ಇತ್ತು. ಆಯಿ ನಮಗೆ ಬರೀ ಹಿಂಡಿ ಚಟ್ನಿ ಬಡಿಸಿದ ದಿನ ಕಿಂಡಿಗೆ ಬೆಣ್ಣೆ ಇಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಂತೆ ರೊಟ್ಟಿಯ ನಡುವೆ ಬೆಲ್ಲ, ಕಡಲೆ ಬರತೊಡಗಿದವು. ನಾನು ಅದಕ್ಕೆ ರೂಢಿಯಾದೆ. ಸಂಜೆಯಾದರೆ ಹೊಟ್ಟೆ ತಾನೇ ಸಂದಿಯ ಕಡೆ ಎಳೆಯುತ್ತಿತ್ತು. ಹೊಟ್ಟೆ ತುಂಬಿದ ಹುಡುಗನೊಳಗೆ ಹಸಿದವರ ಹಸಿವು ಬಂದು ಹೊಕ್ಕಂತೆ. ಬಾಳ್ಯಾ ದುಂಡಗಾಗಿದ್ದಾನೆ, ಪರೀಕ್ಷೆಯ ಚಿಂತೆಯೇ ಇಲ್ಲ ಎಂದು ಅವ್ವ ನಗುತ್ತಿದ್ದಳು.

ಪರೀಕ್ಷೆ ಮುಗಿದ ದಿನ ಕಿಂಡಿಯಲ್ಲಿ ಹೋಳಿಗೆ ಇತ್ತು. ತಿಂದು, ತೊಳೆದು, ಬೋಗುಣಿಯನ್ನು ಒಳಗೆ ಸರಿಸುತ್ತಿದ್ದೆ. ಬೋರಲು ಹಾಕುವ ಮುಂಚೆಯೇ ಕತ್ತಲಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಒಣ ಕೈ, ಬಿಸಿ ಕೈ. ಒಳಗಿನ ಮುಚ್ಚಳ ತೆರೆದ ಸದ್ದು ನನಗೆ ಕೇಳಿರಲೇ ಇಲ್ಲ.

"ಅಂಜಬ್ಯಾಡವಾ," ಎಂದಿತು ಗೋಡೆ. ಆಯಿಯ ದನಿ, ಆದರೆ ನನ್ನ ಹತ್ತಿರ ಅವಳು ಎಂದೂ ಆಡದ ದನಿ. "ಕಟ್ಟಳೆ ಮುರದೀನಿ, ಇದೊಂದ ಸಲ. ಪರೀಕ್ಷಾ ಚಂದಂಗ ಬರದೇನ?"

ಅವಳಿಗೆ ಎಲ್ಲ ಗೊತ್ತಿತ್ತು. ಯಾರಿಗೆ ಬೆಣ್ಣೆ ಇಡುತ್ತಿದ್ದಳು, ಯಾರ ಸಲುವಾಗಿ ಬೆಲ್ಲ ಒಡೆಯುತ್ತಿದ್ದಳು, ಎಲ್ಲ. ಕೈ ಯಾರದೆಂದು ಮಾತ್ರ ಗೊತ್ತಿರಲಿಲ್ಲ.

"ಮಾತಾಡ ನನ ಕೂಸ. ಬರದ್ಯೋ ಇಲ್ಲೋ?"

ಮಾತಾಡಿದರೆ ದನಿ ನನ್ನದು. ಆ ಕೈ ನನ್ನ ಅಂಗೈಯನ್ನು ಒಮ್ಮೆ ಸವರಿತು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿತು, ಬಿಟ್ಟಿತು. ನಾನು ಓಡಿದೆ. ಊರು ಸುತ್ತಿ, ಬೆವರು ಒರೆಸಿಕೊಂಡು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಆಯಿ ಬಡಿಸುತ್ತಿದ್ದಳು. ದೀಪದ ಬೆಳಕು ನನ್ನ ತಾಟಿನ ಮೇಲಿತ್ತು. ರೊಟ್ಟಿ ಮುರಿಯಲು ಕೈ ಚಾಚಿದೆ. ಬೋಗುಣಿಯ ಅಂಚಿನಲ್ಲಿ ನಾನೇ ಒತ್ತಿ ತುಂಬಿದ್ದು ಇನ್ನೂ ಪೂರಾ ತೀರಿರಲಿಲ್ಲ. ದಿನಾ ಸ್ವಲ್ಪ ಸ್ವಲ್ಪವೇ ಹತ್ತಿ, ಸೀಮೆಎಣ್ಣೆಗೆ ಉಜ್ಜಿ ಮರೆಸುತ್ತಿದ್ದೆ. ಅಂದು ಮರೆತಿದ್ದೆ. ಬೆರಳ ತುದಿಗಳು ನೀಲಿ.

"ಕೈ ತೊಳಕೊಂಡ ಬಾ," ಎಂದಳು ಆಯಿ.

"ತೊಳದೇನಿ ಆಯಿ."

ಅವಳು ನನ್ನ ಬೆರಳು ನೋಡಿದಳು, ದಿನಾ ಬೋಗುಣಿ ಎತ್ತಿ ಎತ್ತಿ ಅದೇ ನೀಲಿ ಹತ್ತಿದ ತನ್ನ ಬೆರಳನ್ನೂ ನೋಡಿದಳು.

"ಹೌದು," ಎಂದಳು. "ಅದು ತೊಳದ್ರ ಹೋಗೂದಲ್ಲ."

ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಬೆಳಗಾದ ಕೂಡಲೇ ರೊಟ್ಟಿಯ ಗಂಟು ಕಟ್ಟಿ, ನನ್ನನ್ನು ಮುಂದೆ ನಡೆಸಿಕೊಂಡು ಬೀರಪ್ಪನ ಮನೆಗೆ ಹೋದಳು. ಕಣ್ಣು ಕಾಣದ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು.

"ಲಗಮವ್ವ ಎಲ್ಲಿ ಯವ್ವಾ?" ಎಂದಳು ಆಯಿ.

"ಹೋದ್ಳು. ನಮ್ಮಾವ್ರ ಹಿಂಡೊಂದು ಈ ಹಾದಿ ಹಿಡದು ಹೊಂಟಿತ್ತು, ಅದರ ಸಂಗಾಟ ಅಪ್ಪನ ಕಡೆ ಹೋಗ್ಯಾಳ. ಪರೀಕ್ಷಾ ಬ್ಯಾಡ, ಸಾಲಿ ಸಾಕು ಅಂದ್ಳು. ಯಾಕ ಅಂದ್ರ ಹೇಳ್ಲಿಲ್ಲ. ಕೈ ಮಾತ್ರ ತಿಕ್ಕೇ ತಿಕ್ಕತಿದ್ಳು, ಅದರ ಸಪ್ಪಳ ಕೇಳತಿತ್ತು." ಮುದುಕಿ ನಮ್ಮ ಕಡೆ ಮುಖ ಎತ್ತಿದಳು. "ಯಾರ್ದೋ ಪುಣ್ಯಾತ್ಮರ ಮನಿ ರೊಟ್ಟಿ ತರತಿದ್ಳು, ಅರ್ಧ ನನಗ ಕೊಡಾಕಿ. ಈಗ ಓಣ್ಯಾಗಿನ ಮಂದಿ ಅಂಬಲಿ ಕೊಟ್ರ ಕುಡೀತೀನಿ, ಇಲ್ಲಾಂದ್ರ ಇಲ್ಲ. ಆ ಮನಿಯವರಿಗೂ ಸಾಕಾಗಿರಬೇಕು."

ಆ ರೊಟ್ಟಿ ದಿನಾ ನನ್ನ ಹೊಟ್ಟೆಗೆ ಹೋಗಿತ್ತು. ಆಯಿ ಗಂಟನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಮುದುಕಿಯ ಉಡಿಯಲ್ಲಿ ಇಟ್ಟೆ. ಅವಳು ನನ್ನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಆಯಿ ಆ ಮುದುಕಿಗೆ ಕೊನೆಯ ತನಕ ಉಣಿಸಿದಳು, ಹಗಲು ಹೊತ್ತಿನಲ್ಲಿ, ನನ್ನ ಕೈಯಿಂದಲೇ. ಕಿಂಡಿಯಲ್ಲಿಯೂ ಬೋಗುಣಿ ಇಡುತ್ತಿದ್ದಳು, ಆದರೆ ಯಾರೂ ಬರಲಿಲ್ಲ. ಆ ಮನೆಯ ಕಿಂಡಿಗೆ ಕಣ್ಣಿದೆ ಎಂದು ಊರಲ್ಲಿ ಮಾತು ಹಬ್ಬಿತ್ತು. ಬೀರಪ್ಪನ ಹಿಂಡು ಮತ್ತೆ ನಮ್ಮ ಹೊಲದಲ್ಲಿ ಮಲಗಲಿಲ್ಲ. ಲಗಮವ್ವನನ್ನು ನಾನು ಮತ್ತೆ ನೋಡಲಿಲ್ಲ. ಆಯಿ ಹೋದ ಮೇಲೆ ಅಪ್ಪ ಕಿಂಡಿಗೆ ಮಣ್ಣು ತುಂಬಿಸಿದ. ಅದಾದ ಮೇಲೂ ಎಷ್ಟೋ ಸಂಜೆ ಉಣ್ಣಲು ಕೂತಾಗ ಗೋಡೆಯೊಳಗೆ ಬೋಗುಣಿ ಸರಿದ ಸಪ್ಪಳ ನನಗೆ ಕೇಳಿದೆ. ಟಣ್ ಎನ್ನುವುದಕ್ಕಾಗಿ ಕಾಯುತ್ತಿದ್ದೆ. ಅದು ಮಾತ್ರ ಬರುತ್ತಿರಲಿಲ್ಲ.

ಈಗ ನಾನು ಚಿಕ್ಕೋಡಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಸುಜಾತಾ ಇಲ್ಲಿಯ ಕಾಲೇಜಿನಲ್ಲಿ ಕಲಿಯುತ್ತಾಳೆ. ರಾಯಬಾಗ, ಕಾಗವಾಡ ಕಡೆಯ ಹಳ್ಳಿಗಳಿಂದ ಬಂದು ಬಾಡಿಗೆ ಖೋಲಿಯಲ್ಲಿರುವ ಹುಡುಗಿಯರು ತಿಂಗಳ ಕೊನೆಗೆ ಬಿಸ್ಕೀಟು ತಿಂದು ಮಲಗುತ್ತಾರೆಂದು ಅವಳೇ ಹೇಳಿದಳು. ಊಟ ಎಲ್ಲಿ ಸಿಗುತ್ತದೆ ಎಂದು ಕೇಳಲು ಹಸಿದವರಿಗೆ ನಾಚಿಕೆ, ಕೊಡುವವರಿಗೆ ಅವರ ವಿಳಾಸ ಗೊತ್ತಿಲ್ಲ. ಕಾಲೇಜಿನವರು ಊಟದ ಪಾಕೀಟು ಹಂಚುವುದಕ್ಕೆ ಊರ ಹಿರಿಯರನ್ನು ಕರೆದಾಗ ನಾನೂ ಹೋದೆ. ಒಬ್ಬ ತರುಣ ಮಾಸ್ತರು ಮೊಬೈಲು ಹಿಡಿದು ನಿಂತಿದ್ದ.

"ಅಜ್ಜಾರ, ಈ ಕಡೆ ನೋಡ್ರಿ. ಏ ತಂಗೀ, ಪಾಕೀಟ ಹಿಡಕೊ, ಮುಖ ಮ್ಯಾಲೆತ್ತು. ಗ್ರೂಪಿಗೆ ಹಾಕಬೇಕು."

ಹುಡುಗಿ ಮುಖ ಎತ್ತಲಿಲ್ಲ. ಪಾಕೀಟು ಹಿಡಿದ ಅವಳ ಬೆರಳುಗಳು ನೀಲಿಯಾಗಿದ್ದವು. ಪೆನ್ನಿನ ಶಾಯಿ ಇರಬೇಕು.

"ಫೋಟೋ ಬ್ಯಾಡ್ರಿ ಸರ," ಎಂದೆ.

"ಯಾಕ್ರಿ ಅಜ್ಜಾರ, ನಾಕ ಮಂದಿ ನೋಡಿ ಇನ್ನ ನಾಕ ಮಂದಿ ಕೊಡತಾರ."

"ನೋಡಿದವ್ರು ಕೊಡತಾರ ಖರೆ," ಎಂದೆ. "ಉಣ್ಣಾವ್ರು ಬರೂದಿಲ್ಲ."

ಅವನು ಒಳ್ಳೆಯವನು, ಮೊಬೈಲು ಇಳಿಸಿದ. ಆಮೇಲೆ ಅವನನ್ನು ಒಪ್ಪಿಸಿ ಕಾಲೇಜಿನ ಹಿಂದಿನ ಕಾರಿಡಾರಿನ ಗೋಡೆಯಲ್ಲಿ, ಎರಡೂ ಕಡೆ ಬಾಗಿಲಿರುವ ಒಂದು ಕಬ್ಬಿಣದ ಕಪಾಟು ಕೂಡಿಸಿದೆವು. ಕೊಡುವವರು ಈ ಕಡೆ, ಒಯ್ಯುವವರು ಹಿತ್ತಲ ಕಡೆ. ಸಂಜೆ ಸೊಸೆ ರೊಟ್ಟಿ ಬಡಿಯುತ್ತಾಳೆ, ಸುಜಾತಾ ಸ್ಕೂಟಿಯಲ್ಲಿ ನನ್ನನ್ನು ಕೂಡಿಸಿಕೊಂಡು ಬರುತ್ತಾಳೆ. ನಾನು ಡಬ್ಬಿ ಇಟ್ಟು ಬಾಗಿಲು ಹಾಕಿ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂಡುತ್ತೇನೆ. ಡಬ್ಬಿ ಖಾಲಿಯಾಗಿ ಬರುವ ತನಕ ನಾನು ಉಣ್ಣುವುದಿಲ್ಲ. ಇದೇನು ಹಟ ಎಂದು ಮನೆಯಲ್ಲಿ ಬೈಯುತ್ತಾರೆ. ಕಾರಣ ಹೇಳಿಲ್ಲ. ಕಿಂಡಿಯ ಕಟ್ಟಳೆಗಳನ್ನೂ ಯಾರಿಗೂ ಹೇಳಿಲ್ಲ.

ಹೋದ ವಾರ ಬಾಗಿಲು ತೆಗೆದರೆ ಡಬ್ಬಿ ತೊಳೆದು ಬೋರಲು ಹಾಕಿತ್ತು. ಎಂದೂ ಹಾಗೆ ಇಟ್ಟವರಿಲ್ಲ. ಎತ್ತಿದೆ. ಕೆಳಗೆ ಒಂದು ಬೇವಿನ ಎಸಳು. ಹಿತ್ತಲಲ್ಲಿ ಬೇವಿನ ಮರ ಇರುವುದು ನಿಜ, ಗಾಳಿಗೆ ಉದುರುತ್ತದೆ. ಆದರೆ ಕಪಾಟಿಗೆ ಆ ಕಡೆಯೂ ಬಾಗಿಲಿದೆ, ಅದು ಮುಚ್ಚಿತ್ತು. ಎಸಳು ಡಬ್ಬಿಯ ಕೆಳಗಿತ್ತು. ಹಿತ್ತಲ ಕಡೆ ಯಾರೋ ನಡೆದು ಹೋಗುವ ಸಪ್ಪಳ ಕೇಳಿಸಿತು. ಆ ಬಾಗಿಲನ್ನು ತಳ್ಳಿದ್ದರೆ ಕಾಣುತ್ತಿದ್ದರು. ಡಬ್ಬಿಯನ್ನು ತಿರುಗಿಸಿ ತಳದಲ್ಲಿ ಬೆರಳ ಗುರುತು ಇದೆಯೇ ಎಂದಾದರೂ ನೋಡಬಹುದಿತ್ತು. ನಾನು ಕಣ್ಣು ಮುಚ್ಚಿ ಎಸಳನ್ನು ರೆಪ್ಪೆಗೆ ಒತ್ತಿಕೊಂಡೆ, ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಇಳಿಸಿದೆ.

"ಏನದು ಅಜ್ಜಾ?" ಎಂದಳು ಸುಜಾತಾ.

"ಒಬ್ಬರ ಹೊಟ್ಟಿ ತುಂಬಿತು."

"ಹಂಗಾದ್ರ ನಾಳಿಂದ ಬರೂದು ಬ್ಯಾಡೇನು?"

"ಬರೂದವಾ," ಎಂದೆ. "ಮುಂದಿನಾವ್ರು ಕಾಯತಿರತಾರ."

ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂತೆ.